ನಾಲ್ವರು ಗೆಳೆಯರು, ಹದಿನಾರು ದಾಳ

ಹಾಸ್ಟೆಲ್ ರೂಮಿನಲ್ಲಿ ನಾಲ್ವರು ಸೇರಿದರೆ ಈಗ ನಾಲ್ಕು ಮೊಬೈಲ್ ಬೆಳಗುತ್ತವೆ. ಮಂಚ ಒಂದೇ, ಲೋಕ ಬೇರೆ ಬೇರೆ. ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಾವು ಗೆಳೆಯರು ಬೇರೆಯದೇ ಆಟವೊಂದನ್ನು ಆಡಿ ನೋಡಿದೆವು. ಹೆಸರು ‘ಫಿಯಾಸ್ಕೊ’. ಬೇಕಾದದ್ದು ಮೂರರಿಂದ ಐದು ಜನ, ತಲಾ ಎರಡು ಬಿಳಿ, ಎರಡು ಕಪ್ಪು ದಾಳ, ಪೆನ್ನು, ಒಂದಷ್ಟು ಚೀಟಿ.

ಕಥೆ ಕಟ್ಟುವ ಇಂಥ ಆಟಗಳಿಗೆ ದಾರಿ ತೋರಿದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಅದರಲ್ಲಿ ಕಥೆ ನಡೆಸಲು ಒಬ್ಬನಿರುತ್ತಾನೆ. 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ರೂಪಿಸಿದ ಫಿಯಾಸ್ಕೊದಲ್ಲಿ ಆ ಯಜಮಾನನೇ ಇಲ್ಲ. ದಾಳ ಉರುಳಿಸಿ, ಪಟ್ಟಿಯಿಂದ ಸಂಬಂಧ, ಆಸೆಗಳನ್ನು ಆರಿಸಿಕೊಂಡು, ದುರಾಸೆಗೆ ಬಿದ್ದು ಎಡವಟ್ಟಾಗುವವರ ಕಥೆಯನ್ನು ಎಲ್ಲರೂ ಸೇರಿ ಕಟ್ಟಬೇಕು. ನಿಮ್ಮ ಸರದಿಯಲ್ಲಿ ದೃಶ್ಯವನ್ನು ನೀವು ಆರಂಭಿಸಿದರೆ, ಅದು ಒಳ್ಳೆಯದಾಗಿ ಮುಗಿಯಬೇಕೋ ಕೆಟ್ಟದಾಗಿಯೋ ಎಂಬುದನ್ನು ಉಳಿದವರು ಬಿಳಿ ಅಥವಾ ಕಪ್ಪು ದಾಳ ಕೊಟ್ಟು ತೀರ್ಮಾನಿಸುತ್ತಾರೆ. ಮುಕ್ತಾಯ ನಿಮ್ಮದಾಗಬೇಕೆಂದರೆ ಆರಂಭವನ್ನು ಅವರಿಗೆ ಬಿಡಬೇಕು. ಎರಡೂ ನನಗೇ ಬೇಕು ಎನ್ನುವಂತಿಲ್ಲ.

ನನಗೆ ಹಿಡಿಸಿದ್ದು ಈ ನಿಯಮವೇ. ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ಎಲ್ಲರೂ ಗ್ರೂಪ್ ಡಿಸ್ಕಷನ್‌ಗೆ ತಯಾರಾಗುತ್ತೇವೆ. ಅಲ್ಲಿ ಗಟ್ಟಿ ದನಿಯವರದೇ ರಾಜ್ಯ. ಇಂಗ್ಲಿಷ್ ತಡವರಿಸುವವರು ಬಾಯಿ ತೆರೆಯುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆಟದಲ್ಲಿ ಸರದಿ ಎಲ್ಲರಿಗೂ ಬರುತ್ತದೆ. ಬೇರೆಯವರ ಮಾತು ಕೇಳಿಸಿಕೊಳ್ಳದಿದ್ದರೆ ಮುಂದಿನ ಮಾತೇ ಹೊರಡದು. ಕ್ಲಾಸಿನಲ್ಲಿ ಹಾಜರಿಗೆ ಬಿಟ್ಟರೆ ದನಿಯೆತ್ತದ ಗೆಳೆಯನೊಬ್ಬ, ಸಾಲದಲ್ಲಿ ಸಿಕ್ಕಿಬಿದ್ದ ಬೇಕರಿ ಮಾಲೀಕನಾಗಿ ತನ್ನೂರಿನ ಕನ್ನಡದಲ್ಲಿ ಮಾತಿಗಿಳಿದಾಗ ನಾವು ಮೂವರೂ ಸುಮ್ಮನೆ ಕೇಳುತ್ತ ಕೂತೆವು. ಮಾತು ಅವನಲ್ಲಿ ಮೊದಲೇ ಇತ್ತು, ಕೇಳುವವರು ಇರಲಿಲ್ಲ.

ಪರದೇಶದ ಆಟ ನಮಗೇಕೆ ಎನ್ನುವವರು ತಾಳಮದ್ದಳೆಯನ್ನು ನೆನೆಯಲಿ. ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರ ಪದದ ಬೆನ್ನಿಗೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ಎದುರಿನವರ ಮಾತಿಗೆ ಉತ್ತರ ಆಗಲೇ ಹುಟ್ಟಬೇಕು. ಅಲ್ಲಿ ಪ್ರಸಂಗ ಮೊದಲೇ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ ಎಂಬುದಷ್ಟೇ ದೊಡ್ಡ ವ್ಯತ್ಯಾಸ.

ಓದುವ ವಯಸ್ಸಿನಲ್ಲಿ ಇದೆಲ್ಲ ಟೈಮ್‌ಪಾಸ್ ಎನ್ನಬಹುದು. ಒಂದು ಆಟಕ್ಕೆ ಎರಡು ಮೂರು ಗಂಟೆ ಬೇಕು, ನಿಜ. ಇದರಿಂದ ಕೆಲಸ ಸಿಗುತ್ತದೆ ಎಂದೂ ನಾನು ಹೇಳುವುದಿಲ್ಲ. ಆದರೆ ಬ್ಯಾಕ್‌ಲಾಗ್, ಕಟ್‌ಆಫ್‌ಗಳ ನಡುವೆ ಸೋಲೆಂದರೆ ನಡುಗುವ ನಮಗೆ, ಪಾತ್ರ ಸೋತರೂ ನಗುತ್ತಾ ಏಳಬಹುದಾದ ಒಂದು ಜಾಗ ಬೇಕು. ಕೋಡಿಂಗ್ ಕ್ಲಬ್‌ಗೆ ಲ್ಯಾಬ್ ಕೊಡುವ ಕಾಲೇಜುಗಳು ಇದಕ್ಕೊಂದು ಮೇಜು, ನಾಲ್ಕು ಕುರ್ಚಿ ಕೊಡಲಿ. ಅದಕ್ಕಾಗಿ ಕಾಯಬೇಕಿಲ್ಲ. ಈ ಭಾನುವಾರವೇ ಮೂವರನ್ನು ಕರೆಯಿರಿ, ಅವರಲ್ಲಿ ಒಬ್ಬರು ಮಾತು ಕಡಿಮೆಯವರಿರಲಿ.