ರೊಕ್ಕ ನಮ್ಮದು, ಮಾತು ಯಾರದು?

ನೌಕರಿ ಸಿಗುವ ತನಕ ನೀವು ತೆರಿಗೆ ಕಟ್ಟುವವರಲ್ಲ, ಕಟ್ಟಿದ ಮೇಲೆ ಮಾತಾಡಿ ಎಂದು ನಮ್ಮಂಥವರ ಬಾಯಿ ಮುಚ್ಚಿಸುವವರು ಬಹಳ ಮಂದಿ ಇದ್ದಾರೆ. 299 ರೂಪಾಯಿಯ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿಗೇ ಹೋಗುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿರುವುದಿಲ್ಲ. ಕೊಳ್ಳುವ ಚಪ್ಪಲಿ, ಸೋಪು, ಪೆನ್ನು, ಯಾವುದರಲ್ಲೂ ನಮಗೆ ವಿನಾಯಿತಿ ಇಲ್ಲ. ಹಾಗಾಗಿ ಸರ್ಕಾರದ ಹಣ ಎಂದು ಕರೆಯುವ ಪ್ರತಿಯೊಂದು ಗಂಟಿನಲ್ಲೂ ಕೆಲಸ ಹುಡುಕುವವನ ಪುಡಿಗಾಸು ಇದ್ದೇ ಇದೆ. ಆ ಹಣದಲ್ಲಿ ನಡೆಯುವ ಒಂದು ಸಂಸ್ಥೆಯ ಬಗ್ಗೆ, ಅಂದರೆ ಆಕಾಶವಾಣಿ ಮತ್ತು ದೂರದರ್ಶನದ ಬಗ್ಗೆ, ನಮ್ಮ ವಯಸ್ಸಿನವರು ಯಾಕೆ ಏನೂ ಕೇಳುವುದಿಲ್ಲ ಎಂಬುದು ನನ್ನ ಪ್ರಶ್ನೆ.

ಧಾರವಾಡದ ಸಪ್ತಾಪುರದಲ್ಲಿ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದುಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಬೆಳಿಗ್ಗೆ ನನ್ನ ಮೊಬೈಲಿನಲ್ಲಿ ಆಕಾಶವಾಣಿಯ ವಾರ್ತೆ ಹಚ್ಚುತ್ತೇನೆ. ಪ್ರಚಲಿತ ವಿದ್ಯಮಾನಕ್ಕೆ ಹತ್ತು ನಿಮಿಷದಲ್ಲಿ ಅಷ್ಟು ಸಿಗುವುದು ಬೇರೆಡೆ ಅಪರೂಪ. ಒಂದು ದಿನ ಕೊಪ್ಪಳದ ಗೆಳೆಯ ಹೊದಿಕೆಯೊಳಗಿಂದಲೇ, "ಅದನ್ನ ಈಗ ಯಾರ್ ಕೇಳ್ತಾರಲೇ? ಅದರ ಸಲುವಾಗಿ ನಾವ್ಯಾಕ ರೊಕ್ಕ ಕೊಡಬೇಕು? ಮುಚ್ಚಿ ಆ ದುಡ್ಡಿನಾಗ ನಾಕ್ ಪೋಸ್ಟ್ ಕರೀಲಿ" ಎಂದ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಸುಳ್ಯದವನೊಬ್ಬ ಆಗ ನಮ್ಮಲ್ಲಿಗೆ ಬಂದಿದ್ದ. ಅವನು ಸುಮ್ಮನಿರಲಿಲ್ಲ. "ಮುಚ್ಚಿದರೆ ನಮ್ಮಜ್ಜಿಗೆ ತುಳುವಿನಲ್ಲಿ ಯಾರು ಮಾತಾಡ್ತಾರೆ, ನಿಮ್ಮ ಯೂಟ್ಯೂಬಾ?" ಎಂದು ಕೇಳಿದ. ಅವತ್ತಿನ ಚಹಾ ಈ ಜಗಳದಲ್ಲೇ ಆರಿತು. ಇಬ್ಬರ ಮಾತಿನಲ್ಲೂ ತಿರುಳಿದೆ ಎಂದು ಅನ್ನಿಸಿದ್ದರಿಂದ ನಾನು ಸ್ವಲ್ಪ ಓದಿದೆ.

ನಮ್ಮ ಅಪ್ಪಂದಿರ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಅದನ್ನು ತೆಗೆದುಹಾಕಿದರು. ಜನಕ್ಕೆ ಅನುಕೂಲವೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶುಲ್ಕದ ಜೊತೆಗೆ ಇನ್ನೊಂದೂ ಹೋಯಿತು. ದುಡ್ಡು ಕೊಟ್ಟವನಿಗೆ ಇರುವ ಯಜಮಾನಿಕೆಯ ಭಾವ ಹೋಯಿತು. ಈಗಲೂ ಕೊಡುತ್ತಿದ್ದೇವೆ; ಬಿಲ್ ಮಾತ್ರ ಬರುವುದಿಲ್ಲ.

ಎಷ್ಟು ಕೊಡುತ್ತಿದ್ದೇವೆ? ಇತ್ತೀಚಿನ ವರ್ಷಗಳಲ್ಲಿ ಪ್ರಸಾರ ಭಾರತಿಗೆ ಕೇಂದ್ರ ಬಜೆಟ್‌ನಿಂದ ವರ್ಷಕ್ಕೆ ಎರಡೂವರೆ ಸಾವಿರ ಕೋಟಿ ರೂಪಾಯಿ ಆಸುಪಾಸು ಅನುದಾನ ಹೋಗುತ್ತಿದೆ. ಹೆಚ್ಚಿನ ಪಾಲು ಸಂಬಳಕ್ಕೆ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಒಳಗೆ ಹೊರಗೆ. ಇದಲ್ಲದೆ ಹಳೆಯ ಯಂತ್ರೋಪಕರಣ ಬದಲಿಸಲು, ಎಫ್‌ಎಂ ಜಾಲ ವಿಸ್ತರಿಸಲು 2023ರ ಜನವರಿಯಲ್ಲಿ ಕೇಂದ್ರ ಸಂಪುಟ 2,539.61 ಕೋಟಿ ರೂಪಾಯಿಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದು 2025–26ರವರೆಗಿನ ಹಲವು ವರ್ಷಗಳ ಮೊತ್ತ. ಬ್ರಿಟನ್ನಿನಲ್ಲಿ ಬಿಬಿಸಿಗಾಗಿ ಪ್ರತಿ ಮನೆಯವರು ಕಟ್ಟುವ ವಾರ್ಷಿಕ ಶುಲ್ಕ 2025ರ ಏಪ್ರಿಲ್‌ನಲ್ಲಿ 174.50 ಪೌಂಡ್ ಆಯಿತು. ಕಟ್ಟದೆ ಟಿವಿ ನೋಡುವುದು ಅಲ್ಲಿ ಅಪರಾಧ. ನಮ್ಮದು ಒಂದೆರಡು ಚಹಾದ ದುಡ್ಡು. ಇಷ್ಟಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಮೊತ್ತ ಸಣ್ಣದು ಎನ್ನುವ ಕಾರಣಕ್ಕೇ ನಾವು ಲೆಕ್ಕ ಕೇಳುವುದಿಲ್ಲ, ಲೆಕ್ಕ ಕೇಳದಿರುವುದರಿಂದಲೇ ಅದನ್ನು ನಡೆಸುವವರು ತಮ್ಮದೇ ಆಸ್ತಿಯಂತೆ ನಡೆಸುತ್ತಾರೆ.

ಮೊದಲು ಸುಳ್ಯದ ಗೆಳೆಯನ ಮಾತಿಗೆ ಬರೋಣ. ಮಂಗಳೂರು ಕೇಂದ್ರ ತುಳು, ಕೊಂಕಣಿ, ಬ್ಯಾರಿಯಲ್ಲಿ ಕಾರ್ಯಕ್ರಮ ಕೊಡುತ್ತದೆ. ಮಡಿಕೇರಿಯಲ್ಲಿ ಕೊಡವ ತಕ್ಕ್, ಅರೆಭಾಷೆ. ಜಾಹೀರಾತು ಕೊಡುವ ಕಂಪನಿಗೆ ಅರೆಭಾಷೆಯ ಅಜ್ಜಿಯಿಂದ ಏನು ಲಾಭ? ಖಾಸಗಿ ಎಫ್‌ಎಂ ಬೆಂಗಳೂರಿಗೆ ಬಂದದ್ದು 2001ರಲ್ಲಿ. ಅಂದಿನಿಂದ ಅವು ದೊಡ್ಡ ಊರುಗಳನ್ನು ಬಿಟ್ಟು ಹೆಚ್ಚು ಕದಲಿಲ್ಲ. ಅದು ಅವುಗಳ ತಪ್ಪಲ್ಲ, ವ್ಯಾಪಾರ ಇರುವುದೇ ಹಾಗೆ. ಆಕಾಶವಾಣಿ ಎಂಬ ಹೆಸರು ಹುಟ್ಟಿದ ಕತೆಯೂ ಇದನ್ನೇ ಹೇಳುತ್ತದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದರು. ಉತ್ಸಾಹ ಅವರದು, ಖರ್ಚೂ ಬಹುಪಾಲು ಅವರದೇ. ಕೆಲವು ವರ್ಷಗಳಾದ ಮೇಲೆ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ನಮ್ಮ ಧಾರವಾಡ ಕೇಂದ್ರ 1950ರದ್ದು. ಬೇಂದ್ರೆಯವರು ಇಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಟಿಆರ್‌ಪಿ ನೋಡಿ ಕೆಲಸ ಕೊಡುವ ಸಂಸ್ಥೆಯಾಗಿದ್ದರೆ ಇವರನ್ನು ಕರೆಯುತ್ತಿತ್ತೇ?

ಟಿವಿಯಲ್ಲೂ ಇದೇ ಲೆಕ್ಕ. ಚಂದನದ 'ಥಟ್ ಅಂತ ಹೇಳಿ' 2002ರಿಂದ ನಡೆಯುತ್ತಿದೆ. ಡಾ. ನಾ. ಸೋಮೇಶ್ವರ ಅವರ ಆ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಸಿಗುವುದು ಪುಸ್ತಕ. ಕೋಟಿ ಕೊಡುವ ಕ್ವಿಜ್‌ಗಳು ಬಂದವು, ಹೋದವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ 'ಸಂವೇದ' ಪಾಠಗಳು ಬಂದದ್ದೂ ಚಂದನದಲ್ಲೇ. ಮನೆಯಲ್ಲಿ ಒಂದೇ ಮೊಬೈಲ್, ಅದೂ ಹೊಲಕ್ಕೆ ಹೋದ ಅಪ್ಪನ ಜೇಬಿನಲ್ಲಿ ಎಂಬಂಥ ಹುಡುಗರಿಗೆ ಬೇರೆ ಶಾಲೆ ಇರಲಿಲ್ಲ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬ ಅಂದಾಜಿದೆ. ಅದರಲ್ಲಿ ಜಾಗ ಪಡೆಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೊಡುತ್ತವೆ. ಯಾರೂ ನೋಡದ ವ್ಯವಸ್ಥೆಗೆ ಹರಾಜು ಕೂಗುವವರು ಯಾರು?

ಇನ್ನು ವಾರ್ತೆ. ಖಾಸಗಿ ವಾಹಿನಿಗಳ ಸಂಜೆಯ ಚರ್ಚೆಯ ಎದುರು ಆಕಾಶವಾಣಿಯ ಸುದ್ದಿ ಸಪ್ಪೆ ಎನ್ನುತ್ತಾರೆ. ಸಪ್ಪೆಯೇ. ಜ್ವರ ಬಂದವನಿಗೆ ಗಂಜಿಯೂ ಸಪ್ಪೆಯೇ.

ಹೀಗೆ ಹೊಗಳಿ ಮುಗಿಸಿಬಿಟ್ಟರೆ ಕೊಪ್ಪಳದ ಗೆಳೆಯನಿಗೆ ಮೋಸ ಮಾಡಿದಂತಾಗುತ್ತದೆ. ಅವನ ತಕರಾರಿನ ಬೇರು ಇರುವುದು ರೊಕ್ಕದಲ್ಲಲ್ಲ. "ಅದು ಸರ್ಕಾರದ ರೇಡಿಯೊ, ಸರ್ಕಾರ ಹೇಳಿದ್ದನ್ನ ಹೇಳತೈತಿ" ಎಂದು ಅವನು ಆಮೇಲೆ ಹೇಳಿದ. ಇದಕ್ಕೆ ಉತ್ತರ ಕೊಡುವುದು ಸುಲಭವಿಲ್ಲ. ತುರ್ತುಪರಿಸ್ಥಿತಿಯಲ್ಲಿ ಆಲ್ ಇಂಡಿಯಾ ರೇಡಿಯೊವನ್ನು ಜನ 'ಆಲ್ ಇಂದಿರಾ ರೇಡಿಯೊ' ಎಂದು ಗೇಲಿ ಮಾಡಿದ್ದು ಸುಮ್ಮನೆ ಅಲ್ಲ. ಆ ಪಾಠ ಕಲಿತು ಸ್ವಾಯತ್ತ ಸಂಸ್ಥೆ ಮಾಡೋಣ ಎಂದು ಪ್ರಸಾರ ಭಾರತಿ ಕಾಯ್ದೆಯನ್ನು ಸಂಸತ್ತು ಒಪ್ಪಿದ್ದು 1990ರಲ್ಲಿ. ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಕಾಯ್ದೆ ಕಪಾಟಿನಲ್ಲಿತ್ತು. ಬಂದ ಮೇಲೂ ಹಣ ಮಂತ್ರಾಲಯದ ಕೈಯಲ್ಲೇ ಉಳಿಯಿತು. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ ಕೇಂದ್ರ ಸರ್ಕಾರ ನಿರ್ದೇಶನವನ್ನೂ ಕೊಡಬಹುದು. ಪ್ರತಿ ವರ್ಷ ಅನುದಾನಕ್ಕೆ ಕೈಯೊಡ್ಡುವವನು ಕೊಡುವವನ ಮುಖ ನೋಡಿಯೇ ಮಾತಾಡುತ್ತಾನೆ, ಅದಕ್ಕೆ ನಿರ್ದೇಶನ ಕೊಡುವ ಅಗತ್ಯವೂ ಬೀಳುವುದಿಲ್ಲ.

2017ರ ಸ್ವಾತಂತ್ರ್ಯ ದಿನಾಚರಣೆಯ ಒಂದು ಪ್ರಸಂಗ ನೋಡಿ. ತ್ರಿಪುರಾದ ಆಗಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣ ಮೊದಲೇ ಧ್ವನಿಮುದ್ರಣವಾಗಿತ್ತು. ದಿನದ ಘನತೆಗೆ ತಕ್ಕಂತೆ ಅದನ್ನು ಬದಲಿಸಿಕೊಡದಿದ್ದರೆ ಪ್ರಸಾರ ಮಾಡಲಾಗದು ಎಂದು ತಿಳಿಸಲಾಯಿತು. ಅವರು ಬದಲಿಸಲಿಲ್ಲ, ಭಾಷಣ ಪ್ರಸಾರವಾಗಲಿಲ್ಲ. ಆ ಭಾಷಣವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಚುನಾಯಿತ ಮುಖ್ಯಮಂತ್ರಿಯ ಮಾತನ್ನು ತಿದ್ದುವ ಅಧಿಕಾರ ಯಾರಿಗೆ ಯಾರು ಕೊಟ್ಟರು? 2024ರ ಚುನಾವಣೆ ಹೊತ್ತಿಗೆ ಡಿಡಿ ನ್ಯೂಸ್ ಲಾಂಛನ ಕೆಂಪಿನಿಂದ ಕೇಸರಿಯಾದದ್ದಕ್ಕೆ ದೊಡ್ಡ ಗದ್ದಲವಾಯಿತು. ನನ್ನ ಮಟ್ಟಿಗೆ ಬಣ್ಣಕ್ಕಿಂತ ತ್ರಿಪುರಾದ ಘಟನೆಯೇ ದೊಡ್ಡದು.

ಚುನಾವಣೆ ಎಂದಾಗ ನೆನಪಾಯಿತು. 1998ರ ಲೋಕಸಭಾ ಚುನಾವಣೆಯಿಂದ ಮಾನ್ಯತೆ ಪಡೆದ ಪಕ್ಷಗಳಿಗೆಲ್ಲ ಆಕಾಶವಾಣಿ, ದೂರದರ್ಶನಗಳಲ್ಲಿ ಉಚಿತ ಸಮಯ ಸಿಗುತ್ತದೆ. ಒಂದು ಪಾಲು ಎಲ್ಲರಿಗೂ ಸಮ, ಉಳಿದದ್ದು ಹಿಂದಿನ ಮತಗಳಿಕೆಗೆ ತಕ್ಕಂತೆ. ಅಂದರೆ ನಿಯಮ ಬರೆದಿಟ್ಟಾಗ ಇದೇ ಸಂಸ್ಥೆ ನ್ಯಾಯವಾಗಿ ನಡೆಯಬಲ್ಲದು. ನಿಯಮ ಇಲ್ಲದ ದಿನಗಳಲ್ಲಿ ಏನಾಗುತ್ತದೆ ಎಂಬುದೇ ಪ್ರಶ್ನೆ. ರೇಡಿಯೊದ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಏಕೆಂದರೆ ಖಾಸಗಿ ಎಫ್‌ಎಂನವರು ತಾವೇ ಸುದ್ದಿ ತಯಾರಿಸಿ ಓದುವಂತಿಲ್ಲ, ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದಂತೆ ಮರುಪ್ರಸಾರ ಮಾಡಬಹುದು. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಸ್ತಿ ಸಾರ್ವಜನಿಕರದ್ದು, ದುಡ್ಡು ಸಾರ್ವಜನಿಕರದ್ದು, ಸುದ್ದಿ ಮಾತ್ರ ಒಬ್ಬರದ್ದು.

ಸ್ವಿಟ್ಜರ್ಲೆಂಡಿನಲ್ಲಿ ಇದೇ ಚರ್ಚೆ ಮತಪೆಟ್ಟಿಗೆಯವರೆಗೆ ಹೋಯಿತು. ಅಲ್ಲಿ ಪ್ರತಿ ಮನೆ ವರ್ಷಕ್ಕೆ 451 ಫ್ರಾಂಕ್ ಪ್ರಸಾರ ಶುಲ್ಕ ಕಟ್ಟುತ್ತಿತ್ತು. ಅದನ್ನು ಪೂರ್ತಿ ರದ್ದು ಮಾಡಿ ಎಂದು ಹೊರಟವರಲ್ಲಿ ಯುವ ರಾಜಕೀಯ ಕಾರ್ಯಕರ್ತರೇ ಮುಂದಿದ್ದರು. ನೋಡದ ಚಾನೆಲ್‌ಗೆ ನಾವೇಕೆ ಕೊಡಬೇಕು ಎಂಬ, ನಮ್ಮ ಕೋಣೆಯದ್ದೇ ವಾದ. 2018ರ ಮಾರ್ಚ್ 4ರಂದು ಜನಮತ ನಡೆಯಿತು, ಶೇ 71.6ರಷ್ಟು ಜನ ರದ್ದತಿ ಬೇಡ ಎಂದರು. ಅದು ನಾಲ್ಕು ಭಾಷೆಗಳ ದೇಶ. ರೊಮಾನ್ಶ್ ಮಾತಾಡುವವರು ಜನಸಂಖ್ಯೆಯ ಶೇ 1ಕ್ಕಿಂತಲೂ ಕಡಿಮೆ, ಅವರಿಗೂ ಕಾರ್ಯಕ್ರಮ ಸಿಗುವುದು ಜರ್ಮನ್ ಭಾಷಿಕರ ದುಡ್ಡಿನಿಂದ. ಇಷ್ಟಕ್ಕೇ ಮುಗಿಯಲಿಲ್ಲ. ಶುಲ್ಕವನ್ನು 2019ರಲ್ಲಿ 365ಕ್ಕೆ, 2021ರಲ್ಲಿ 335 ಫ್ರಾಂಕಿಗೆ ಇಳಿಸಿದರು. ಸೋತ ಹುಡುಗರು ಕೇಳಿದ ಪ್ರಶ್ನೆ ಸೋಲಲಿಲ್ಲ ಎಂದು ನಾನು ಓದಿಕೊಂಡಿದ್ದೇನೆ.

ನಮ್ಮಲ್ಲಿ ಮತ್ತೆ ಲೈಸೆನ್ಸ್ ತನ್ನಿ ಎಂದು ನಾನು ಹೇಳುತ್ತಿಲ್ಲ. ಬಡವನಿಗೂ ಸಾಹುಕಾರನಿಗೂ ಒಂದೇ ಶುಲ್ಕ ಎನ್ನುವುದೇ ಅನ್ಯಾಯ. ಫ್ರಾನ್ಸ್ 2022ರಲ್ಲಿ ಶುಲ್ಕ ತೆಗೆದು, ನಮ್ಮ ಜಿಎಸ್‌ಟಿಯಂಥ ತೆರಿಗೆಯ ಒಂದು ಪಾಲನ್ನು ಪ್ರಸಾರ ಸಂಸ್ಥೆಗಳಿಗೆ ಎತ್ತಿಟ್ಟಿತು. ನಮ್ಮಲ್ಲೂ ಹೀಗೆ ಐದು ವರ್ಷಕ್ಕೊಮ್ಮೆ ಸಂಸತ್ತೇ ಪಾಲು ಗೊತ್ತುಮಾಡಿಬಿಟ್ಟರೆ, ನಡುವೆ ಯಾವ ಮಂತ್ರಿಯೂ ನಲ್ಲಿ ತಿರುಗಿಸುವಂತಿಲ್ಲ. ಆಡಳಿತ ಮಂಡಳಿಯನ್ನು ಆರಿಸುವ ಸಮಿತಿಯಲ್ಲಿ ಈಗ ಇರುವವರು ಉಪರಾಷ್ಟ್ರಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಮತ್ತು ರಾಷ್ಟ್ರಪತಿಯವರ ಒಬ್ಬ ನಾಮನಿರ್ದೇಶಿತರು. ವಿರೋಧ ಪಕ್ಷದ ನಾಯಕರಿಗೊಂದು ಕುರ್ಚಿ ಹಾಕಲು ಏನು ಕಷ್ಟ?

ಕೆಲಸ ಹುಡುಕುವವನಾಗಿ ಇನ್ನೊಂದು ಮಾತು ಸೇರಿಸಬೇಕು. "ನಾಕ್ ಪೋಸ್ಟ್ ಕರೀಲಿ" ಎಂದನಲ್ಲ ಗೆಳೆಯ, ಆಕಾಶವಾಣಿಯಲ್ಲೇ ಪೋಸ್ಟ್‌ಗಳು ಖಾಲಿ ಇವೆ. ಕಾರ್ಯಕ್ರಮ ವಿಭಾಗದ ಖಾಯಂ ನೇಮಕಾತಿ ವರ್ಷಗಟ್ಟಲೆ ನಿಂತಿದೆ. ನಾವು ಕೇಳುವ ಎಷ್ಟೋ ಧ್ವನಿಗಳು ಸಾಂದರ್ಭಿಕ ಉದ್ಘೋಷಕರವು, ಅಂದರೆ ತಿಂಗಳಿಗೆ ಕೆಲವೇ ಪಾಳಿ, ಪಾಳಿಗಿಷ್ಟು ಸಂಭಾವನೆ. ಜನ ಕಡಿಮೆಯಾದಂತೆ ಸ್ಥಳೀಯ ಕಾರ್ಯಕ್ರಮ ಕಡಿಮೆ, ಹೊರಗಿನ ರಿಲೇ ಹೆಚ್ಚು. ರಿಲೇ ಹೆಚ್ಚಾದಂತೆ ಕೇಳುಗ ದೂರ, ಕೇಳುಗ ದೂರವಾದ ಮೇಲೆ "ಯಾರ್ ಕೇಳ್ತಾರಲೇ". ಮುಚ್ಚಬೇಕೆಂದು ಯಾರೂ ಆದೇಶ ಹೊರಡಿಸಬೇಕಿಲ್ಲ, ಹೀಗೆ ಬಿಟ್ಟರೂ ಸಾಕು.

ಆರ್‌ಟಿಐ ನಮಗೆ ಹೊಸದಲ್ಲ. ಕೀ ಉತ್ತರಕ್ಕೆ, ಕಟ್‌ಆಫ್‌ಗೆ ಎಷ್ಟು ಅರ್ಜಿ ಹಾಕಿಲ್ಲ ನಾವು? ಪ್ರಸಾರ ಭಾರತಿಯೂ ಆ ಕಾಯ್ದೆಯ ಒಳಗೇ ಬರುತ್ತದೆ. ಧಾರವಾಡ ಕೇಂದ್ರದ ಬಗ್ಗೆ ಮೂರು ಪ್ರಶ್ನೆ ಬರೆದಿದ್ದೇನೆ. ಕಳೆದ ಐದು ವರ್ಷ ಪ್ರತಿ ವರ್ಷ ಎಷ್ಟು ಹಣ ಬಂತು? ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ? ದಿನಕ್ಕೆ ಎಷ್ಟು ಗಂಟೆ ಕೇಂದ್ರದ ಸ್ವಂತ ಕಾರ್ಯಕ್ರಮ, ಎಷ್ಟು ಗಂಟೆ ರಿಲೇ? ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಲಬುರಗಿ, ರಾಯಚೂರು, ಹೊಸಪೇಟೆ, ಕಾರವಾರ, ಹಾಸನ, ಮಡಿಕೇರಿ ಕಡೆಯವರು ಕೇಂದ್ರದ ಹೆಸರೊಂದನ್ನು ಬದಲಿಸಿ ಇದೇ ಅರ್ಜಿ ಹಾಕಬಹುದು.