ಮಗ್ಗ ಮುರಿದವರು ಕೇಳಿದ ಪ್ರಶ್ನೆ

ಹೊಸ ಯಂತ್ರದ ಬಗ್ಗೆ ಯಾರಾದರೂ ಅನುಮಾನ ವ್ಯಕ್ತಪಡಿಸಿದರೆ ಸಾಕು, ಅವರನ್ನು 'ಲುಡೈಟ್' ಎಂದು ಗೇಲಿ ಮಾಡುವುದು ವಿದ್ಯಾವಂತರ ವಲಯದಲ್ಲಿ ರೂಢಿಯಾಗಿದೆ. ಪ್ರಗತಿಯ ಶತ್ರು ಎಂಬುದು ಅದರ ಅರ್ಥ. ಆದರೆ ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ಈ ಹೆಸರು ಹೊತ್ತ ಕುಶಲಕರ್ಮಿಗಳು ನಿಜಕ್ಕೂ ಯಂತ್ರದ್ವೇಷಿಗಳಾಗಿದ್ದರೇ?

1733ರಲ್ಲಿ ಜಾನ್ ಕೇ ಹಾರುವ ಲಾಳಿಯನ್ನು ರೂಪಿಸಿದ. ಅಗಲದ ಬಟ್ಟೆ ನೇಯಲು ಇಬ್ಬರು ಬೇಕಿದ್ದಲ್ಲಿ ಒಬ್ಬನೇ ಸಾಕಾದ. ನೇಯ್ಗೆ ವೇಗ ಪಡೆದಾಗ ನೂಲು ಸಾಲದಾಯಿತು. ಆ ಕೊರತೆಯನ್ನು ಹಾರ್ಗ್ರೀವ್ಸ್, ಆರ್ಕ್‌ರೈಟ್ ಮತ್ತು ಕ್ರಾಂಪ್ಟನ್‌ರ ನೂಲುವ ಯಂತ್ರಗಳು ನೀಗಿಸಿದವು. 1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಎಂಬ ಪಾದ್ರಿ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದ. ಅದು ಸುಧಾರಿಸಲು ದಶಕಗಳೇ ಹಿಡಿದವು. 1813ರಲ್ಲಿ ಬ್ರಿಟನ್ನಿನಲ್ಲಿದ್ದ ಯಂತ್ರಮಗ್ಗಗಳು ಸುಮಾರು 2,400 ಮಾತ್ರ. 1833ರ ವೇಳೆಗೆ ಅವು ಒಂದು ಲಕ್ಷದಷ್ಟಾದವು.

ಅಂದರೆ ಯಂತ್ರಮಗ್ಗ ವ್ಯಾಪಕವಾಗುವ ಮೊದಲೇ ಕೈಮಗ್ಗದವರ ಕೂಲಿ ಕುಸಿಯತೊಡಗಿತ್ತು. ಕಾರ್ಮಿಕರು ಸಂಘಟಿತರಾಗುವುದನ್ನು 1799 ಮತ್ತು 1800ರ ಕಾಯಿದೆಗಳು ನಿಷೇಧಿಸಿದ್ದವು. ಆದರೂ ನೇಕಾರರು ಮೊದಲು ಹಿಡಿದದ್ದು ಸುತ್ತಿಗೆಯನ್ನಲ್ಲ, ಮನವಿಪತ್ರವನ್ನು. ಕನಿಷ್ಠ ಕೂಲಿಗಾಗಿ ಅವರಿಟ್ಟ ಬೇಡಿಕೆಯನ್ನು 1808ರಲ್ಲಿ ಸಂಸತ್ತು ತಿರಸ್ಕರಿಸಿತು.

1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಯಂತ್ರಭಂಜನ ಆರಂಭವಾಯಿತು. ಅಲ್ಲಿ ಮುರಿದದ್ದು ಕಾಲುಚೀಲ ಹೆಣೆಯುವ ಯಂತ್ರಗಳನ್ನು. ಅವು 1589ರಷ್ಟು ಹಿಂದೆಯೇ ರೂಪುಗೊಂಡಿದ್ದವು; ಮುರಿದವರೇ ತಲೆಮಾರುಗಳಿಂದ ಅವುಗಳ ಮೇಲೆ ದುಡಿದವರು. ಕೂಲಿ ಕಡಿತಗೊಳಿಸಿ, ಕಳಪೆ ಮಾಲು ತಯಾರಿಸುವ ಮಾಲೀಕರ ಯಂತ್ರಗಳೇ ಅವರ ಮುಖ್ಯ ಗುರಿಯಾಗಿದ್ದವು. ಅವರ ಜಗಳ ಯಂತ್ರದೊಂದಿಗಲ್ಲ, ಅದನ್ನು ಬಳಸುವ ರೀತಿಯೊಂದಿಗೆ.

ಸರಕಾರದ ಉತ್ತರ ಏನಾಗಿತ್ತು? 1812ರ ಕಾಯಿದೆ ಯಂತ್ರ ಮುರಿಯುವುದಕ್ಕೆ ಮರಣದಂಡನೆ ವಿಧಿಸಿತು. ಕವಿ ಬೈರನ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅದನ್ನು ವಿರೋಧಿಸಿದರೂ ಫಲ ಸಿಗಲಿಲ್ಲ. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ, ಲುಡೈಟ್ ದಂಗೆಗೆ ಸಂಬಂಧಿಸಿದ ಕೊಲೆ, ದಾಳಿ ಮತ್ತು ದರೋಡೆಯ ಆರೋಪಗಳ ಮೇಲೆ 17 ಮಂದಿಯನ್ನು ಗಲ್ಲಿಗೇರಿಸಲಾಯಿತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಮನವಿಯ ಬಾಗಿಲು ಮುಚ್ಚಿದವರು ಯಾರೆಂಬುದನ್ನು ಮರೆಮಾಚುವುದೂ ನ್ಯಾಯವಲ್ಲ.

ಮಾರುಕಟ್ಟೆಯಲ್ಲಿ ಕಾನೂನು ಕೈಹಾಕಬಾರದೆಂಬುದು ಅಂದಿನ ವಾದವಾಗಿತ್ತು. ಆದರೆ ಇದೇ ಸಂಸತ್ತು ತನ್ನ ಉಣ್ಣೆ ಮತ್ತು ರೇಷ್ಮೆ ಉದ್ಯಮದ ರಕ್ಷಣೆಗಾಗಿ 1721ರಲ್ಲಿ ಅಚ್ಚು ಹಾಕಿದ ಹತ್ತಿ ಬಟ್ಟೆಗಳ ಬಳಕೆಯನ್ನೇ ಬಹುಮಟ್ಟಿಗೆ ನಿಷೇಧಿಸಿತ್ತು. ಭಾರತದ ಬಟ್ಟೆಯ ಜನಪ್ರಿಯತೆಗೆ ಹೆದರಿಯೇ ಆ ಕ್ರಮ ಬಂದಿತ್ತು. ಮುಂದೆ 19ನೇ ಶತಮಾನದಲ್ಲಿ ಅಲ್ಲಿನ ಗಿರಣಿ ಬಟ್ಟೆ ಅತ್ಯಲ್ಪ ಸುಂಕದಲ್ಲಿ ಬಂಗಾಳಕ್ಕೆ ಹರಿದುಬಂತು; ಢಾಕಾದ ಮಸ್ಲಿನ್ ನೇಕಾರರ ಕಸುಬು ನೆಲಕಚ್ಚಿತು. ಲಂಕಾಷೈರಿನ ಬಡ ನೇಕಾರನನ್ನೂ ಬಂಗಾಳದ ನೇಕಾರನನ್ನೂ ಸೋಲಿಸಿದ್ದು ಕೇವಲ ಉಗಿಯ ಶಕ್ತಿಯಲ್ಲ, ಪಕ್ಷಪಾತದ ಕಾನೂನು ಕೂಡ.

ಇಂದು ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆ ನಮ್ಮ ಮನೆಯ ಮಕ್ಕಳ ಉದ್ಯೋಗದ ಹೊಸ್ತಿಲಲ್ಲಿ ನಿಂತಿವೆ. ಅವುಗಳಿಗೆ ಬೆನ್ನು ತಿರುಗಿಸುವುದು ಅವಿವೇಕ. ಮಕ್ಕಳು, ಹೆಣ್ಣುಮಕ್ಕಳೂ ಸೇರಿದಂತೆ, ಅವನ್ನು ಕಲಿಯಲೇಬೇಕು. ಆದರೆ ಕಲಿಕೆಯಷ್ಟೇ ಸಾಲದು. ಯಂತ್ರ ಉಳಿಸಿಕೊಟ್ಟ ಶ್ರಮದ ಲಾಭ ಯಾರ ಪಾಲಾಗುತ್ತದೆ ಎಂದು ಕೇಳುವ ಧೈರ್ಯವನ್ನೂ ಅವರಲ್ಲಿ ಬೆಳೆಸಬೇಕಾಗಿದೆ. 1811ರಲ್ಲಿ ಎದ್ದ ಆ ಪ್ರಶ್ನೆಗೆ ನೇಣುಗಂಬ ಉತ್ತರವಾಗಲಿಲ್ಲ, ಗೇಲಿಯೂ ಉತ್ತರವಾಗದು.