ಆರೈಕೆ ಮಾಡುವವರ ಉಸಿರಿಗೆ ಯಾರು ಹೊಣೆ?

2003ರ ಮೇ ತಿಂಗಳು. ಸಾರ್ಸ್ ಪಿಡುಗು ತೊಲಗಿತೆಂದು ಕೆನಡಾದ ಟೊರಾಂಟೊ ನಗರ ನಿರಾಳವಾಗಿತ್ತು. ಆಸ್ಪತ್ರೆಗಳಲ್ಲಿ ಮುಖಗವಸಿನ ಕಟ್ಟುನಿಟ್ಟು ಸಡಿಲಗೊಂಡಿತ್ತು. ಆದರೆ ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ದಾದಿಯರು, ರೋಗಿಗಳಲ್ಲಿ ಅದೇ ಲಕ್ಷಣಗಳು ಮತ್ತೆ ಕಾಣಿಸುತ್ತಿವೆ ಎಂದು ಎಚ್ಚರಿಸಿದರು. ಅದು ಸಾರ್ಸ್ ಅಲ್ಲ ಎಂಬ ಉತ್ತರ ಬಂತು. ಆ ತಿಂಗಳು ಮುಗಿಯುವ ಮೊದಲೇ ಎರಡನೆಯ ಅಲೆ ಎದ್ದಿತು.

ಆ ವರ್ಷ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 375 ಮಂದಿಗೆ ಸೋಂಕು ತಗುಲಿ 44 ಮಂದಿ ಸತ್ತರು. ಮೃತರಲ್ಲಿ ಇಬ್ಬರು ದಾದಿಯರು ಮತ್ತು ಒಬ್ಬ ವೈದ್ಯರೂ ಇದ್ದರು. ಜಗತ್ತಿನಾದ್ಯಂತ ವರದಿಯಾದ 8,098 ಪ್ರಕರಣಗಳಲ್ಲಿ ಐದನೆಯ ಒಂದು ಪಾಲು ಆರೋಗ್ಯ ಸಿಬ್ಬಂದಿಯದೇ ಆಗಿತ್ತು.

ಈ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗದ ಅಂತಿಮ ವರದಿ 2007ರ ಜನವರಿಯಲ್ಲಿ ಬಹಿರಂಗವಾಯಿತು. ಅಪಾಯ ತಗ್ಗಿಸುವ ಕ್ರಮಕ್ಕೆ ವೈಜ್ಞಾನಿಕ ಖಚಿತತೆ ದೊರೆಯುವವರೆಗೆ ಕಾಯಬಾರದು ಎಂಬುದು ಅದರ ತಿರುಳು. ಸೋಂಕು ಹರಡುವ ಬಗೆಯ ಕುರಿತು ತಜ್ಞರು ಚರ್ಚಿಸುತ್ತಿರಲಿ, ಅಷ್ಟರಲ್ಲಿ ದಾದಿಗೆ ಉತ್ತಮ ರಕ್ಷಣೆ ಸಿಗಲಿ ಎಂಬ ಸರಳ ವಿವೇಕವಿದು.

ವಿಪರ್ಯಾಸವೆಂದರೆ, 2020ರಲ್ಲಿ ಈ ಪಾಠ ಯಾರಿಗೂ ನೆನಪಾಗಲಿಲ್ಲ. ಕೋವಿಡ್ ಗಾಳಿಯ ಮೂಲಕ ಹರಡುವ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮಾರ್ಚ್‌ನಲ್ಲಿ ಖಡಾಖಂಡಿತವಾಗಿ ಸಾರಿತು. ಆ ಮಾತನ್ನು ಸ್ಪಷ್ಟವಾಗಿ ತಿದ್ದಿಕೊಂಡದ್ದು 2021ರಲ್ಲಿ. ನಡುವಿನ ಅವಧಿಯಲ್ಲಿ ಬಹುಪಾಲು ಸಿಬ್ಬಂದಿಗೆ ಸಾಮಾನ್ಯ ಮುಖಗವಸೇ ಸಾಕೆನ್ನಲಾಯಿತು. 2020ರ ಜನವರಿಯಿಂದ 2021ರ ಮೇವರೆಗೆ 80 ಸಾವಿರದಿಂದ 1.8 ಲಕ್ಷ ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದೆಂದು ಅದೇ ಸಂಸ್ಥೆ ಅಂದಾಜಿಸಿತು.

ನಮ್ಮಲ್ಲಿ ಚಪ್ಪಾಳೆಗೆ ಕೊರತೆಯಾಗಲಿಲ್ಲ. ಆದರೆ ಮನೆಮನೆ ಸಮೀಕ್ಷೆಗೆ ಹೋದ ಕರ್ನಾಟಕದ ಆಶಾ ಕಾರ್ಯಕರ್ತೆಯರು ಗೌರವಧನದ ಹೆಚ್ಚಳದ ಜೊತೆಗೆ ಸುರಕ್ಷಾ ಸಾಧನಗಳಿಗಾಗಿಯೂ 2020ರ ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು. ಕೇಂದ್ರ ಸರ್ಕಾರ ಘೋಷಿಸಿದ 50 ಲಕ್ಷ ರೂಪಾಯಿಯ ವಿಮೆ ಸಾವಿಗೆ ಮಾತ್ರ ಅನ್ವಯಿಸಿತು. ಬದುಕುಳಿದು ತಿಂಗಳುಗಟ್ಟಲೆ ಬಳಲಿದವರಿಗೆ ಅದರಲ್ಲಿ ಏನೂ ಇರಲಿಲ್ಲ.

ಹಾಗೆಂದು ಕಾನೂನು ಕುರುಡಾಗಿಲ್ಲ. ಆರೋಗ್ಯ ಸೇವೆಯಲ್ಲಿ ತಗುಲುವ ಸೋಂಕು ವೃತ್ತಿಜನ್ಯ ರೋಗ ಎಂಬುದನ್ನು 1923ರ ಪರಿಹಾರ ಕಾಯ್ದೆಯ ಅನುಸೂಚಿಯೇ ಒಪ್ಪಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ಮುಂದುವರಿಸಿದೆ. ಅಂದರೆ ಗಣಿ ಕಾರ್ಮಿಕನ ಶ್ವಾಸಕೋಶಕ್ಕೆ ಸೇರುವ ದೂಳಿಗೆ ಮಾಲೀಕ ಹೇಗೆ ಹೊಣೆಯೋ, ದಾದಿಯ ಶ್ವಾಸಕೋಶಕ್ಕೆ ಸೇರುವ ವೈರಾಣುವಿಗೆ ಆಸ್ಪತ್ರೆಯೂ ಹಾಗೆಯೇ ಹೊಣೆ. ಸೋಂಕನ್ನು ಹಣೆಬರಹವೆಂದೋ ತ್ಯಾಗವೆಂದೋ ಬಣ್ಣಿಸಿದಾಗ ಮರೆಯಾಗುವುದು ಈ ಹೊಣೆಗಾರಿಕೆಯೇ.

ಮುಖಗವಸು ಕೊನೆಯ ಕಾವಲು ಮಾತ್ರ. ಅದಕ್ಕೂ ಮೊದಲು ವಾರ್ಡುಗಳಲ್ಲಿ ಗಾಳಿ ಆಡಬೇಕು, ಶಂಕಿತ ರೋಗಿಗಳಿಗೆ ಪ್ರತ್ಯೇಕ ಕೊಠಡಿ ಇರಬೇಕು, ಎನ್-95 ಪ್ರತಿಯೊಬ್ಬರ ಮುಖಕ್ಕೂ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಬೇಕು. ಗುತ್ತಿಗೆ ದಾದಿಯರಿಗೂ ಸ್ವಚ್ಛತಾ ಸಿಬ್ಬಂದಿಗೂ ಸಂಬಳ ಸಹಿತ ಅನಾರೋಗ್ಯ ರಜೆ ಸಿಗಬೇಕು. ಕೂಲಿ ಕಳೆದುಕೊಳ್ಳುವ ಭಯದಿಂದ ಜ್ವರದಲ್ಲೇ ಕೆಲಸಕ್ಕೆ ಬರುವವರಿಂದ ರೋಗಿಗಳಿಗೂ ಅಪಾಯ ತಪ್ಪಿದ್ದಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಹಾಸಿಗೆಯ ಪಕ್ಕದಲ್ಲಿ ನಿಂತವರ ಅನುಮಾನಕ್ಕೆ ಆಡಳಿತ ಕಿವಿಗೊಡಬೇಕು. ಟೊರಾಂಟೊದ ದಾದಿಯರು ಕೇಳಿದ್ದು ಅಷ್ಟನ್ನೇ. ಮುಂದಿನ ವೈರಾಣು ಬರುವ ಮೊದಲು ನಮ್ಮ ಆಸ್ಪತ್ರೆಗಳು ಇದನ್ನು ಕಲಿಯುವವೇ?